ಓದುಗರ ಪ್ರಶ್ನೆ, ಮನೋವೈದ್ಯರ ಉತ್ತರ: ಕೋವಿಡ್ ನಡುವೆ ಕಾಲೇಜಿಗೆ ಮರಳುವಾಗ

ಕನಿಷ್ಠ ಒಂದು ಡೋಸ್ ಲಸಿಕೆ ಹಾಕಿಸಿಕೊಂಡವರಿಗೆ ಜುಲೈ 26, 2021ರಿಂದ ರಾಜ್ಯದ ಪದವಿ ಕಾಲೇಜುಗಳು ಮತ್ತೆ ತೆರೆದವು. ಆಗ ಬಂದ ಪತ್ರಗಳಲ್ಲಿ ಬಹುಪಾಲು ಅದೇ ಸಂಗತಿಯನ್ನು ಕುರಿತವು. ಮೂರನ್ನು ಆಯ್ದು, ಬರೆದವರ ಹೆಸರು ಬಿಟ್ಟು ಇಲ್ಲಿ ಪ್ರಕಟಿಸಲಾಗಿದೆ.

ಪ್ರಶ್ನೆ: ನಾನು ಧಾರವಾಡದಲ್ಲಿ ಬಿ.ಎಸ್ಸಿ. ಎರಡನೇ ವರ್ಷದಲ್ಲಿದ್ದೇನೆ. ಊರು ಸಿದ್ದಾಪುರ ತಾಲ್ಲೂಕಿನ ಹಳ್ಳಿ. ಹಾಸ್ಟೆಲಿನಲ್ಲಿ ಇದ್ದದ್ದು ಸ್ವಲ್ಪವೇ ದಿನ, ಉಳಿದದ್ದೆಲ್ಲ ಆನ್‌ಲೈನ್. ಮನೆಯಲ್ಲಿ ನೆಟ್‌ವರ್ಕ್ ಸಿಗದ ಕಾರಣ ಗುಡ್ಡದ ಮೇಲೆ ಅಪ್ಪ ಕಟ್ಟಿಕೊಟ್ಟ ಪ್ಲಾಸ್ಟಿಕ್ ಮಾಡಿನ ಕೆಳಗೆ ಕುಳಿತು ಪಾಠ ಕೇಳಿದೆ. ಮೇ ತಿಂಗಳಲ್ಲಿ ಅಜ್ಜ ಕೋವಿಡ್‌ನಿಂದ ತೀರಿಕೊಂಡರು, ಮುಖ ನೋಡಲೂ ಆಗಲಿಲ್ಲ. ಅಂದಿನಿಂದ ನಿದ್ದೆ ಹತ್ತುವಾಗ ಬೆಳಗಿನ ಜಾವ ಮೂರಾಗುತ್ತದೆ. ಎರಡನೇ ಪುಟಕ್ಕೆ ಬರುವಷ್ಟರಲ್ಲಿ ಮೊದಲ ಪುಟ ಮರೆತಿರುತ್ತದೆ. ಕಾಲೇಜು ಶುರುವಾಯಿತು ಎಂದರೆ ಖುಷಿಯಾಗುವ ಬದಲು ಎದೆ ಡವಗುಟ್ಟುತ್ತದೆ. ‘ಮನೆಯಲ್ಲಿ ಉಂಡುಕೊಂಡು ಇದ್ದವಳಿಗೆ ಎಂಥ ಟೆನ್ಷನ್?’ ಎಂದು ದೊಡ್ಡಪ್ಪ ಕೇಳುತ್ತಾರೆ. ಇದು ಸೋಮಾರಿತನವೋ, ಕಾಯಿಲೆಯೋ?

ಉತ್ತರ: ಸೋಮಾರಿತನವಂತೂ ಅಲ್ಲ, ಕಾಯಿಲೆ ಎಂದು ಒಂದು ಪತ್ರ ನೋಡಿ ಹೇಳಲಾಗದು. ಆದರೆ ನಿಮ್ಮ ದೊಡ್ಡಪ್ಪ ಕೇಳಿದ ಪ್ರಶ್ನೆಯನ್ನು ಎಷ್ಟೋ ಮನೆಗಳಲ್ಲಿ ಕೇಳುತ್ತಿರುವುದರಿಂದ ಅದಕ್ಕೆ ಮೊದಲು ಉತ್ತರಿಸುತ್ತೇನೆ. ಊಟಕ್ಕೆ, ನೆರಳಿಗೆ ನಿಮಗೆ ಕೊರತೆಯಾಗಲಿಲ್ಲ, ನಿಜ. ಆದರೆ ಬಸ್ಸಿಗೆ ಓಡುವುದು, ಮೆಸ್ಸಿನಲ್ಲಿ ಚಹಾಕ್ಕೆ ಕಾಯುವುದು, ಪ್ರಯೋಗಾಲಯದಲ್ಲಿ ಪಕ್ಕದವಳ ರೆಕಾರ್ಡ್ ಪುಸ್ತಕ ಇಣುಕಿ ನೋಡುವುದು, ಹಾಸ್ಟೆಲಿನ ಜಗಳ, ಹಾಸ್ಟೆಲಿನ ಗೆಳೆತನ ಇವುಗಳ ಮೂಲಕವೇ ಹದಿನೆಂಟು ದಾಟಿದವರು ಮನೆಯಿಂದ ಬೇರೆಯಾಗಿ ನಿಲ್ಲಲು ಕಲಿಯುವುದು. ನಿಮ್ಮ ಪಾಲಿಗೆ ಅದು ಆರಂಭವಾಗುವ ಮೊದಲೇ ನಿಂತಿತು. ಪದವಿಗೆ ಸೇರಿಯೂ ನೀವು ಮನೆಯ ಮಗುವಾಗಿಯೇ ಉಳಿದಿರಿ, ಜೊತೆಗೆ ಹೆಣ್ಣುಮಗಳು ಮನೆಯಲ್ಲಿದ್ದಾಳೆ ಎಂದಮೇಲೆ ಅಡುಗೆಮನೆಯ ಕೆಲಸವೂ ಹೆಗಲಿಗೆ ಬಂದಿರುತ್ತದೆ. (ಇದೇ ಸಮಸ್ಯೆಯ ಬಗ್ಗೆ ಬರೆಯುವ ಹುಡುಗರ ಪತ್ರಗಳಲ್ಲಿ ಅಡುಗೆಮನೆಯ ಸುದ್ದಿಯೇ ಇರುವುದಿಲ್ಲ ಎಂಬುದನ್ನು ಗಮನಿಸಿದ್ದೇನೆ.)

ಇನ್ನು ಅಜ್ಜನ ಸಾವು. ಎರಡನೇ ಅಲೆಯಲ್ಲಿ ತೀರಿಕೊಂಡವರ ಮನೆಗಳಲ್ಲಿ ದುಃಖಕ್ಕೆ ದಾರಿಯೇ ಇರಲಿಲ್ಲ. ಅಂತ್ಯಸಂಸ್ಕಾರಕ್ಕೆ ಬೆರಳೆಣಿಕೆಯ ಜನ, ಮುಖ ಕಾಣದಂತೆ ಸುತ್ತಿದ ದೇಹ, ಬಂದು ಕೂರಬೇಕಾದ ನೆಂಟರು ಫೋನಿನಲ್ಲಿ. ಹನ್ನೊಂದನೇ ದಿನ, ಹದಿಮೂರನೇ ದಿನ ಎಂದು ನಾವು ಇಟ್ಟುಕೊಂಡಿರುವ ಕ್ರಮಗಳು ಸತ್ತವರಿಗೆ ಏನು ಮಾಡುತ್ತವೆಯೋ, ಉಳಿದವರಿಗಂತೂ ಅಳುವುದಕ್ಕೂ ನೆನೆಯುವುದಕ್ಕೂ ಒಂದು ಹೊತ್ತು, ಒಂದು ಜಾಗ ಕೊಡುತ್ತವೆ. ಅದು ನಿಮಗೆ ಸಿಗಲಿಲ್ಲ. ಮನೆಯವರೆಲ್ಲ ಒಂದು ಸಂಜೆ ಒಟ್ಟಿಗೆ ಕುಳಿತು ಅಜ್ಜನ ವಿಷಯ ಮಾತಾಡಿ. ದೊಡ್ಡಪ್ಪನವರನ್ನೂ ಕೂರಿಸಿಕೊಳ್ಳಿ, ತಂದೆಯನ್ನು ಕಳೆದುಕೊಂಡವರಲ್ಲವೇ ಅವರು? ಅವರ ಸಿಡುಕಿನಲ್ಲಿ ಆ ನೋವಿನ ಪಾಲೂ ಇದ್ದೀತು.

ನಿದ್ದೆಯನ್ನು ಸರಿಪಡಿಸಲು ಬೇಗ ಮಲಗುವ ಪ್ರಯತ್ನ ಮಾಡಬೇಡಿ, ಅದು ಸಾಮಾನ್ಯವಾಗಿ ಸೋಲುತ್ತದೆ. ಏಳುವ ಹೊತ್ತನ್ನು ಬಿಗಿಯಾಗಿ ಹಿಡಿಯಿರಿ. ಎಷ್ಟು ಹೊತ್ತಿಗೆ ಮಲಗಿದ್ದರೂ ಬೆಳಿಗ್ಗೆ ಏಳಕ್ಕೆ ಎದ್ದು ಅರ್ಧ ಗಂಟೆ ಅಂಗಳದ ಬೆಳಕಿನಲ್ಲಿ ಇದ್ದರೆ, ಹಗಲು ಮಲಗದಿದ್ದರೆ, ಕೆಲವು ವಾರಗಳಲ್ಲಿ ರಾತ್ರಿ ನಿದ್ದೆ ತಾನಾಗಿ ಬೇಗ ಹತ್ತತೊಡಗುತ್ತದೆ. ಹಾಸಿಗೆಗೆ ಮೊಬೈಲ್ ಒಯ್ಯಬಾರದೆಂದು ಬೇರೆ ಹೇಳಬೇಕಿಲ್ಲ. ಮೆಡಿಕಲ್ ಶಾಪಿನಿಂದ ನಿದ್ದೆ ಮಾತ್ರೆ ತರಿಸಿಕೊಳ್ಳುವುದು ಬೇಡವೇ ಬೇಡ. ನಿಮಗೂ ಕೋವಿಡ್ ಬಂದಿದ್ದರೆ ಅದರ ನಂತರದ ಸುಸ್ತು, ಮರೆವು ತಿಂಗಳುಗಟ್ಟಲೆ ಇರಬಹುದು. ನಮ್ಮ ರಾಜ್ಯದಲ್ಲಿ ಹದಿನೈದರಿಂದ ನಲವತ್ತೊಂಬತ್ತರ ವಯಸ್ಸಿನ ಮಹಿಳೆಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನಕ್ಕೆ ರಕ್ತಹೀನತೆ ಇದೆ ಎಂದು 2019–20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಸುಸ್ತಿಗೆ ಅದೂ ಕಾರಣವಿರಬಹುದಾದ್ದರಿಂದ ಹಿಮೋಗ್ಲೋಬಿನ್, ಥೈರಾಯ್ಡ್ ಎರಡನ್ನೂ ಒಮ್ಮೆ ನೋಡಿಸಿ.

ಎದೆ ಡವಗುಟ್ಟುವುದಕ್ಕೆ ಹೆದರಿ ಹೋಗುವುದನ್ನು ಮುಂದಕ್ಕೆ ಹಾಕಿದಷ್ಟೂ ಅದು ಬಲಿಯುತ್ತದೆ. ಮೊದಲ ದಿನವೇ ಇಡೀ ದಿನ ತರಗತಿಯಲ್ಲಿ ಕೂರಬೇಕೆಂದಿಲ್ಲ. ಒಬ್ಬ ಗೆಳತಿಯ ಜೊತೆ ಹಾಸ್ಟೆಲ್ ಸೇರಿ, ಕಾಲೇಜಿನ ಆವರಣ ಸುತ್ತಿ ಬನ್ನಿ, ಮರುದಿನ ಇಷ್ಟದ ವಿಷಯದ ಒಂದು ತರಗತಿ ಕೇಳಿ. ಇಷ್ಟರ ಮೇಲೂ, ಎರಡು ವಾರಕ್ಕೂ ಹೆಚ್ಚು ಕಾಲ ದಿನದ ಬಹುಪಾಲು ಹೊತ್ತು ಬೇಸರ ಕವಿದಿದ್ದು, ಹಿಂದೆ ಇಷ್ಟವಾಗುತ್ತಿದ್ದದ್ದು ಯಾವುದೂ ಈಗ ಹಿಡಿಸದೆ, ಊಟ, ಸ್ನಾನ, ಓದಿನಂಥ ನಿತ್ಯದ ಕೆಲಸಗಳೂ ನಡೆಯುತ್ತಿಲ್ಲವೆಂದಾದರೆ ಅದು ಖಿನ್ನತೆಯಿರಬಹುದು, ಚಿಕಿತ್ಸೆ ಬೇಕು. ಧಾರವಾಡದಲ್ಲೇ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ, ಹೊರರೋಗಿ ವಿಭಾಗದಲ್ಲಿ ಚೀಟಿ ಮಾಡಿಸಿದರೆ ಸಾಕು.

ಪ್ರಶ್ನೆ: ನಾನು ಹಿರಿಯೂರು ತಾಲ್ಲೂಕಿನ ರೈತ. ಮಗ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಕೊನೆಯ ವರ್ಷ. ಮೂರು ವಿಷಯ ಪಾಸಾಗದೆ ಬ್ಯಾಕ್ ಉಳಿದಿವೆಯಂತೆ. ಊರಿಗೆ ಬಂದವನು ಕೋಣೆ ಬಿಟ್ಟು ಹೊರಗೆ ಬರುತ್ತಿಲ್ಲ, ಯಾರ ಫೋನೂ ಎತ್ತುವುದಿಲ್ಲ. ಮೊನ್ನೆ ಅವನ ತಾಯಿಯ ಹತ್ತಿರ ‘ನಾನಿದ್ದು ಯಾರಿಗೇನು ಪ್ರಯೋಜನ’ ಎಂದನಂತೆ. ಸಾಯುವ ಯೋಚನೆ ಇದೆಯಾ ಎಂದು ಕೇಳಲು ಭಯ. ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕೀತು ಎಂದು ಮನೆಯಲ್ಲಿ ಹೇಳುತ್ತಾರೆ.

ಉತ್ತರ: ಇಂದೇ ಕೇಳಿ. ಕೇಳುವುದರಿಂದ ಯೋಚನೆ ಹುಟ್ಟುವುದಿಲ್ಲ. ಮೊದಲೇ ಆ ಯೋಚನೆ ಇದ್ದವರಿಗೆ ಅದನ್ನು ಒಬ್ಬರ ಮುಂದೆ ಹೇಳಿಕೊಂಡ ಮೇಲೆ ಭಾರ ಕಡಿಮೆಯಾಗುವುದನ್ನೇ ನಾವು ಕಾಣುತ್ತೇವೆ. ಬ್ಯಾಕ್ ವಿಷಯ ಎತ್ತದೆ, ಪಕ್ಕದಲ್ಲಿ ಕುಳಿತು, ‘ನಿನಗೆ ಸಾಯಬೇಕು ಅನ್ನಿಸುತ್ತಿದೆಯಾ ಮಗಾ?’ ಎಂದು ಬಾಯಿ ಬಿಟ್ಟು ಕೇಳಿ. ಹೌದು ಎಂದರೆ ಬೈಯಬೇಡಿ, ದೇವರಾಣೆ ಹಾಕಿಸಿಕೊಳ್ಳಬೇಡಿ, ‘ನಿನಗೋಸ್ಕರ ಎಷ್ಟು ಸಾಲ ಮಾಡಿದ್ದೇವೆ’ ಎಂಬ ಮಾತಂತೂ ಬೇಡ. ಅವನು ಲೆಕ್ಕ ಹಾಕುತ್ತಿರುವುದೇ ಆ ಸಾಲವನ್ನಿರಬಹುದು. ಅವನನ್ನು ಒಬ್ಬನನ್ನೇ ಬಿಡದೆ ಅದೇ ದಿನ ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆಗೆ ಕರೆದೊಯ್ಯಿರಿ. ರಾತ್ರಿಯಾಗಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿ, ಅದು ದಿನದ ಇಪ್ಪತ್ತನಾಲ್ಕು ಗಂಟೆಯೂ ಇದೆ. ಅವನು ಇಲ್ಲ ಎಂದರೂ ಈ ವಾರದೊಳಗೆ ವೈದ್ಯರಿಗೆ ತೋರಿಸಿ.

ಹೊಲದ ಮನೆಗಳವರು ಮರೆಯಬಾರದ ಇನ್ನೊಂದು ಕೆಲಸವಿದೆ. ದನದ ಕೊಟ್ಟಿಗೆಯಲ್ಲಿ, ಪಂಪ್‌ಸೆಟ್ ಮನೆಯಲ್ಲಿ, ಮಂಚದ ಕೆಳಗೆ ಎಲ್ಲೇ ಕ್ರಿಮಿನಾಶಕದ ಡಬ್ಬಿಗಳಿದ್ದರೂ ಇವತ್ತೇ ಊರಿನ ಇನ್ನೊಬ್ಬರ ಮನೆಗೆ ಸಾಗಿಸಿ. ಆ ಯೋಚನೆ ಉಕ್ಕಿ ಬಂದಾಗ ಕೈಗೆ ಏನೂ ಸಿಗದಿದ್ದರೆ ಆ ಗಳಿಗೆ ದಾಟಿಹೋಗುವ ಸಾಧ್ಯತೆ ಹೆಚ್ಚು. ಕಠಿಣ ಕೀಟನಾಶಕಗಳನ್ನು ನಿಷೇಧಿಸಿದ ಶ್ರೀಲಂಕಾದಲ್ಲಿ ಆತ್ಮಹತ್ಯೆಯ ಪ್ರಮಾಣ ಬಹಳ ಇಳಿದದ್ದು ಇದೇ ಕಾರಣಕ್ಕೆ.

ಪೊಲೀಸ್ ಕೇಸಿನ ಭಯದಿಂದ ಆಸ್ಪತ್ರೆಗೆ ಹೋಗದವರಿದ್ದಾರೆ. 2018ರಿಂದ ಜಾರಿಯಲ್ಲಿರುವ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಸೆಕ್ಷನ್ ಪ್ರಕಾರ, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಹಾಗಲ್ಲವೆಂದು ಸಾಬೀತಾದ ಹೊರತು ಶಿಕ್ಷಿಸುವಂತಿಲ್ಲ. ವೈದ್ಯರ ಬಳಿ ಹೇಳಿದ್ದು ಗುಟ್ಟಾಗಿಯೇ ಉಳಿಯಬೇಕೆಂಬುದೂ ಅದೇ ಕಾಯ್ದೆಯಲ್ಲಿದೆ, ಹಾಗಾಗಿ ಕಾಲೇಜಿಗೆ ತಿಳಿದೀತೆಂಬ ಅಂಜಿಕೆಯೂ ಬೇಡ. ಮಾತ್ರೆ ಬರೆದುಕೊಟ್ಟರೆ, ಅದರ ಗುಣ ಕಾಣಲು ಎರಡರಿಂದ ನಾಲ್ಕು ವಾರ ಹಿಡಿಯುತ್ತದೆ. ವಾರದಲ್ಲಿ ಏನೂ ಆಗಲಿಲ್ಲವೆಂದು ಬಿಡಿಸಬೇಡಿ. ಮಾತ್ರೆ ನಿಮ್ಮ ಕೈಯಲ್ಲೇ ಇರಲಿ, ದಿನದ್ದು ದಿನಕ್ಕೆ ಕೊಡಿ.

ಮೂರು ವಿಷಯದ ಬ್ಯಾಕ್ ಕೋವಿಡ್‌ನ ಈ ಎರಡು ವರ್ಷಗಳಲ್ಲಿ ದಡ್ಡತನದ ಗುರುತಲ್ಲ. 2020ರಲ್ಲಿ ಪದವಿಯ ಕೊನೆಯ ವರ್ಷದಲ್ಲಿದ್ದವರನ್ನೇ ನೋಡಿ: ಸೆಪ್ಟೆಂಬರ್ ಮುಗಿಯುವುದರೊಳಗೆ ಪರೀಕ್ಷೆ ನಡೆಯಬೇಕೆಂದು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಜುಲೈ 6ರಂದು ಹೇಳಿತು, ವಿವಾದ ಸುಪ್ರೀಂ ಕೋರ್ಟಿಗೆ ಹೋಯಿತು, ಆಗಸ್ಟ್ 28ರಂದು ತೀರ್ಪು ಬರುವವರೆಗೆ ಓದಬೇಕೋ ಬೇಡವೋ ತಿಳಿಯದೆ ಮಕ್ಕಳು ತೂಗಾಡಿದರು. ಅಂಥ ಅನಿಶ್ಚಿತತೆಯಲ್ಲಿ ಓದಿನ ಲಯ ಯಾರಿಗಾದರೂ ತಪ್ಪುತ್ತದೆ. ಅದನ್ನು ಮಗನಿಗೆ ಹೇಳಿ, ಆದರೆ ಆಸ್ಪತ್ರೆಗೆ ಹೋಗಿ ಬಂದ ಮೇಲೆ.

ಪ್ರಶ್ನೆ: ನಾನು ಸರ್ಕಾರಿ ಪದವಿ ಕಾಲೇಜೊಂದರ ಅತಿಥಿ ಉಪನ್ಯಾಸಕಿ. ತರಗತಿಗೆ ಮರಳಿದ ವಿದ್ಯಾರ್ಥಿಗಳು ಪ್ರಶ್ನೆ ಕೇಳಿದರೆ ತಲೆ ತಗ್ಗಿಸುತ್ತಾರೆ. ಕಾಲೇಜಿನಲ್ಲಿ ಆಪ್ತಸಮಾಲೋಚಕರು ಇಲ್ಲ. ನಾನು ಏನು ಮಾಡಬಹುದು?

ಉತ್ತರ: ವಿದ್ಯಾರ್ಥಿಗಳಿಗಾಗಿ ಸಹಾಯವಾಣಿ, ಆಪ್ತಸಮಾಲೋಚನೆಯ ವ್ಯವಸ್ಥೆ ಮಾಡಬೇಕೆಂದು ಯುಜಿಸಿ 2020ರ ಏಪ್ರಿಲ್‌ನಲ್ಲೇ ವಿಶ್ವವಿದ್ಯಾಲಯಗಳಿಗೆ ಬರೆದಿತ್ತು. ಅದು ನಿಮ್ಮಲ್ಲಿ ಏನಾಯಿತೆಂದು ಪ್ರಾಂಶುಪಾಲರನ್ನು ಲಿಖಿತವಾಗಿ ಕೇಳಿ, ಕಾಯಂ ಅಧ್ಯಾಪಕರೊಬ್ಬರ ಸಹಿಯೂ ಇರಲಿ. ಸಮಾಲೋಚಕಿಯ ಕೆಲಸವನ್ನು ನೀವೇ ಹೊತ್ತುಕೊಳ್ಳಬೇಡಿ. ಲಾಕ್‌ಡೌನಿನಲ್ಲಿ ಸಂಬಳವಿಲ್ಲದೆ ತಿಂಗಳು ತಳ್ಳಿದ ನಿಮ್ಮಂಥವರಿಂದ ಅದನ್ನೂ ಕೇಳುವುದು ನ್ಯಾಯವಲ್ಲ. ಈ ಎರಡು ತಿಂಗಳು ಎಬ್ಬಿಸಿ ನಿಲ್ಲಿಸಿ ಉತ್ತರ ಕೇಳುವುದನ್ನು ಕೈಬಿಟ್ಟು, ಇಬ್ಬಿಬ್ಬರು ಸೇರಿ ಮಾಡುವ ಸಣ್ಣ ಬರವಣಿಗೆ ಕೊಡಿ. ಸತತವಾಗಿ ಗೈರಾದವರಿಗೆ ಹಾಜರಾತಿ ನೋಟಿಸ್ ಹೋಗುವ ಮೊದಲು ಒಂದು ಫೋನ್ ಮಾಡಿ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡವನ್ನು ಪ್ರಾಂಶುಪಾಲರ ಪತ್ರದ ಮೂಲಕ ಕಾಲೇಜಿಗೆ ಕರೆಸಿಕೊಳ್ಳಬಹುದು. ನಮ್ಮ ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಡಿ ನಿಗದಿತ ಮಂಗಳವಾರಗಳಂದು ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುತ್ತಾರೆ. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಎಂದು ತಿಳಿದುಕೊಂಡು ಆ ದಿನಾಂಕವನ್ನು ಪರೀಕ್ಷಾ ವೇಳಾಪಟ್ಟಿಯ ಪಕ್ಕದಲ್ಲೇ ನೋಟಿಸ್ ಬೋರ್ಡಿಗೆ ಅಂಟಿಸಿ.