ಚೀಟಿ ಎತ್ತಿದ ಮೇಲೆ ಹುಟ್ಟಿದ ತತ್ತ್ವಶಾಸ್ತ್ರ

ಈ ವಾರದ ಪತ್ರಗಳಲ್ಲಿ ಒಂದನ್ನು ಓದಿ ಸಿಟ್ಟು ಬಂತು. ಬರೆದವರ ಮೇಲಲ್ಲ, ಅವರ ಗೆಳೆಯರ ಮೇಲೆ.

ಮೈಸೂರಿನ ಈ ಓದುಗರು ತಮ್ಮ ಬಡಾವಣೆಯ ಹೂವಿನ ಅಂಗಡಿಯಾಕೆ ನಡೆಸುವ ಚೀಟಿಗೆ ಸೇರಿದ್ದಾರೆ. ಇಪ್ಪತ್ತು ಮಂದಿ, ಇಪ್ಪತ್ತು ತಿಂಗಳು, ಒಂದು ಲಕ್ಷದ ಚೀಟಿ. ನಾಲ್ಕನೆಯ ತಿಂಗಳೇ 28,000 ರೂಪಾಯಿ ಬಿಟ್ಟು ಕೂಗಿ, 72,000 ಎತ್ತಿಕೊಂಡು ಮಗಳ ಶಾಲೆಯ ಶುಲ್ಕ ಕಟ್ಟಿದರು. ಒಂಬತ್ತು ಕಂತು ಮುಗಿದಿದೆ, ಹನ್ನೊಂದು ಬಾಕಿ. ಈಗ ಪುಣೆಗೆ ವರ್ಗವಾಗಿದೆ. ಬರಹದಲ್ಲಿ ಏನೂ ಇಲ್ಲ. ನೋಂದಣಿಯಾಗದ ಚೀಟಿ ನಡೆಸುವುದು 1982ರ ಚಿಟ್ ಫಂಡ್ ಕಾಯ್ದೆಯ ಪ್ರಕಾರ ಅಪರಾಧ, ಆದ್ದರಿಂದ ಆಕೆ ಠಾಣೆಯ ಮೆಟ್ಟಿಲು ಹತ್ತಲಾರರು. ಇಲ್ಲಿ ಗೆಳೆಯರ ಪ್ರವೇಶ. ‘ದೇವರು, ಪಾಪ ಯಾವುದನ್ನೂ ನೀನು ನಂಬುವವನಲ್ಲ. ಹಾಗಿದ್ದರೆ ನೀತಿ ಎಂಬುದು ಪರಸ್ಪರ ಲಾಭದ ಒಪ್ಪಂದ ಅಷ್ಟೇ. ನಿನ್ನ ಲಾಭ ನಿನಗೆ ಸಿಕ್ಕಿದೆ. ಇನ್ನು ಯಾಕೆ ಕಟ್ಟಬೇಕು?’ ಈ ತರ್ಕದಲ್ಲಿ ತಪ್ಪೆಲ್ಲಿದೆ, ನಿದ್ದೆ ಬರುತ್ತಿಲ್ಲ ಎಂದು ಓದುಗರು ಕೇಳಿದ್ದಾರೆ.

ಸ್ವಾಮಿ, ನೀವು ಎರಡು ಪುಟ ತರ್ಕ ಬರೆದು, ಕೊನೆಯಲ್ಲಿ ಒಂದೇ ಸಾಲು ಸೇರಿಸಿದ್ದೀರಿ: ‘ಅಂದಹಾಗೆ, ಚೀಟಿ ಮುಗಿಯಿತೆಂದು ಹೆಂಡತಿಗೆ ಹೇಳಿಬಿಟ್ಟಿದ್ದೇನೆ.’ ಈ ಅಂಕಣ ಓದುವವರಿಗೆ ನನ್ನ ಹಟ ಗೊತ್ತು. ‘ಅಂದಹಾಗೆ’ ಎಂದು ಬರುವ ಸಾಲನ್ನೇ ನಾನು ಮೊದಲು ಓದುವುದು.

ನಿಮ್ಮ ಗೆಳೆಯರಿಗೆ ಹೊಸದನ್ನೇನೋ ಕಂಡುಹಿಡಿದ ಹೆಮ್ಮೆ ಇರುವಂತಿದೆ. ಇಂಗ್ಲೆಂಡಿನ ತತ್ತ್ವಜ್ಞಾನಿ ಥಾಮಸ್ ಹಾಬ್ಸ್ 1651ರಲ್ಲೇ ಇದೇ ವಾದವನ್ನು ಒಬ್ಬ ಮೂರ್ಖನ ಬಾಯಲ್ಲಿ ಆಡಿಸಿ ಉತ್ತರ ಕೊಟ್ಟಿದ್ದಾನೆ. ಅವನು ಪಾಪಪುಣ್ಯದ ಭಯ ತೋರಿಸಿ ಗೆಲ್ಲುವುದಿಲ್ಲ. ಮನುಷ್ಯ ತನ್ನ ಹಿತ ನೋಡಿಕೊಳ್ಳುತ್ತಾನೆ ಎಂಬ ಒಂದೇ ಅಡಿಪಾಯದ ಮೇಲೆ ನೀತಿಯನ್ನು ಕಟ್ಟಲು ಹೊರಟವನು. ಪ್ರಶ್ನೆಯೂ ನಿಮ್ಮದೇ: ಎದುರಿನವನು ತನ್ನ ಪಾಲಿನದನ್ನು ಆಗಲೇ ನೆರವೇರಿಸಿರುವಾಗ, ಎರಡನೆಯವನು ಮಾತಿಗೆ ತಪ್ಪಿದರೆ ಅದು ಜಾಣತನವೇ? ಅಲ್ಲ ಎನ್ನುತ್ತಾನೆ ಹಾಬ್ಸ್. ಯಾರೂ ಒಂಟಿಯಾಗಿ ಬದುಕಲಾರರು, ಎಲ್ಲರಿಗೂ ಜೊತೆಗಾರರು ಬೇಕು. ಮಾತಿಗೆ ತಪ್ಪುವುದೇ ವಿವೇಕ ಎಂದುಕೊಂಡವನನ್ನು ಅವರು ಜೊತೆಯಲ್ಲಿ ಇಟ್ಟುಕೊಂಡರೆ, ಅವನು ಎಂಥವನೆಂದು ತಿಳಿಯದೆ ಇಟ್ಟುಕೊಂಡಿರುತ್ತಾರೆ. ಬೇರೆಯವರು ಮೋಸ ಹೋಗುತ್ತಲೇ ಇರುತ್ತಾರೆಂದು ನಂಬಿ ಬಾಳುವೆಯ ಲೆಕ್ಕ ಹಾಕಲಾಗದು. ಒಮ್ಮೆ ಲಾಭವಾದರೂ ಅದು ಅದೃಷ್ಟ, ವಿವೇಕವಲ್ಲ.

ಈಗ ನಿಮ್ಮ ‘ಅಂದಹಾಗೆ’ಗೆ ಬನ್ನಿ. ಕಂತು ನಿಲ್ಲಿಸುವ ಮೊದಲೇ, ಪುಣೆಯ ರೈಲು ಹತ್ತುವ ಮೊದಲೇ, ಒಬ್ಬರು ಮೋಸ ಹೋಗುವುದು ನಿಮಗೆ ಅಗತ್ಯವಾಯಿತು. ಅವರು ಹೂವಿನ ಅಂಗಡಿಯವರಲ್ಲ, ನಿಮ್ಮದೇ ಮನೆಯವರು. ತರ್ಕ ಅಷ್ಟು ಗಟ್ಟಿಯಾಗಿದ್ದರೆ ಊಟಕ್ಕೆ ಕುಳಿತಾಗ ಹೆಂಡತಿಗೂ ಅದನ್ನೇ ಹೇಳಬಹುದಿತ್ತು. ಹೇಳಲಿಲ್ಲ, ಏಕೆಂದರೆ ಕೇಳಿದ ಕೂಡಲೇ ಆಕೆ ಚೀಟಿಯ ವಿಷಯ ಬಿಟ್ಟು ನಿಮ್ಮ ವಿಷಯ ಯೋಚಿಸುತ್ತಾರೆ: ‘ನಾಳೆ ನನ್ನಿಂದ ಲಾಭ ಮುಗಿದ ಮೇಲೆ?’ ಸ್ವಹಿತದ ಲೆಕ್ಕದಲ್ಲಿ ಇದನ್ನು ಯಾವ ಖಾತೆಗೆ ಬರೆದಿರಿ?

ಚೀಟಿಯ ಲೆಕ್ಕವನ್ನಾದರೂ ಪೂರ್ತಿ ಮಾಡಿದ್ದೀರಾ? ನೀವು ಬಿಟ್ಟ 28,000ದಲ್ಲಿ ಆಕೆಯ ಕಮಿಷನ್ 5,000 ಹೋಗಿ, ಉಳಿದ 23,000 ಇಪ್ಪತ್ತು ಮಂದಿಗೆ ತಲಾ 1,150ರಂತೆ ಹಂಚಿಹೋಯಿತು. ತಿಂಗಳ 5,000ದ ಕಂತಿನಲ್ಲಿ ಪ್ರತಿ ಸಲ ಅಷ್ಟನ್ನೇ ಕಳೆದರೂ ಹನ್ನೊಂದು ಕಂತಿಗೆ ನಿಮ್ಮ ಬಾಕಿ 42,350 ರೂಪಾಯಿ. ಆಕೆ ಇದನ್ನು ಕೈಯಿಂದ ತುಂಬಬೇಕು, ಇಲ್ಲವೇ ಇನ್ನೂ ಚೀಟಿ ಎತ್ತದ ಹನ್ನೊಂದು ಮಂದಿಯ ಮುಂದೆ ಕೈಚೆಲ್ಲಬೇಕು. ಇಪ್ಪತ್ತು ತಿಂಗಳು ಎಲ್ಲರ ಬಾಗಿಲು ಸುತ್ತಿ ಆಕೆ ಸಂಪಾದಿಸುವ ಒಟ್ಟು ಕಮಿಷನ್ ಒಂದು ಲಕ್ಷ. ನಿಮಗೆ ನಾಲ್ಕನೆಯ ತಿಂಗಳೇ ಆ 72,000 ಸಿಕ್ಕಿದ್ದಾದರೂ ಹೇಗೆ? ‘ಇವರು ಕಟ್ಟುತ್ತಾರೆ’ ಎಂದು ಹತ್ತೊಂಬತ್ತು ಮಂದಿ ಎಣಿಸಿದ್ದರಿಂದ. ಕಟ್ಟುವವರೆಂಬ ಹೆಸರಿಗೆ ಸಿಕ್ಕ ಹಣ ಅದು.

ಹಾಬ್ಸ್ ಎಲ್ಲ ಬಾಗಿಲನ್ನೂ ಮುಚ್ಚಿದ್ದಾನೆಂದು ನಾನು ಹೇಳುವುದಿಲ್ಲ. ಯಾರಿಗೂ ಎಂದಿಗೂ ಗೊತ್ತಾಗದಂತೆ ವಂಚಿಸಬಲ್ಲ ಚಾಣಾಕ್ಷನಿಗೆ ತೃಪ್ತಿಯಾಗುವ ಉತ್ತರ ಕೊಡುವುದು ಕಷ್ಟ ಎಂದು ಸ್ಕಾಟ್ಲೆಂಡಿನ ತತ್ತ್ವಜ್ಞಾನಿ ಡೇವಿಡ್ ಹ್ಯೂಮ್ 1751ರಲ್ಲಿ ಒಪ್ಪಿಕೊಂಡ. ಅಂಥ ಯೋಚನೆಗೇ ಮನಸ್ಸು ತಿರುಗಿಬೀಳದವನಿಗೆ ವಾದದಿಂದ ಏನೂ ಆಗದು ಎಂಬುದು ಅವನ ಅಭಿಪ್ರಾಯ. ನನ್ನದೂ ಅದೇ. ಆದರೆ ನೀವು ಆ ಚಾಣಾಕ್ಷರಲ್ಲ. ಅವನಿಗೆ ನಿದ್ದೆ ಚೆನ್ನಾಗಿ ಬರುತ್ತದೆ, ಅವನು ಅಂಕಣಕ್ಕೆ ಪತ್ರ ಬರೆಯುವುದಿಲ್ಲ.

ಗೆಳೆಯರ ಬಗ್ಗೆ ನನಗೆ ಕನಿಕರವಿಲ್ಲ. ಈ ಚೀಟಿಯಲ್ಲಿ ಒಂದು ರೂಪಾಯಿ ಹಾಕದೆ, ಬೇರೆಯವರ ಮರ್ಯಾದೆಯನ್ನು ಪಣಕ್ಕಿಟ್ಟು ವಾದಿಸುವುದು ಸುಲಭ. ಅವರು ನಿಮ್ಮ ಹತ್ತಿರ ಸಾಲ ಕೇಳಿದರೆ ಕೊಡಬೇಡಿ, ಅವರ ಸಿದ್ಧಾಂತವನ್ನು ಅವರೇ ನಿಮಗೆ ಹೇಳಿದ್ದಾರೆ. ಹೂವಿನ ಅಂಗಡಿಯಾಕೆಗೂ ಒಂದು ಮಾತು: ಮುಂದಿನ ಚೀಟಿಯನ್ನು ನೋಂದಣಿ ಮಾಡಿಸದೆ ಶುರು ಮಾಡಬೇಡಿ, ತಾಯಿ.

ನಿಮಗೆ ಒಂದೇ ಕೆಲಸ. ಇವತ್ತು ರಾತ್ರಿ, ಮಗಳು ಮಲಗಿದ ಮೇಲೆ, ಚೀಟಿ ಮುಗಿದಿಲ್ಲ ಎಂದು ಹೆಂಡತಿಗೆ ಹೇಳಿ. ಹನ್ನೊಂದು ಕಂತು ಬಾಕಿ ಇದೆ, ಕಟ್ಟದಿರಲು ಯೋಚಿಸಿದ್ದೆ ಎಂಬುದನ್ನೂ ಹೇಳಿ. ಕಂತನ್ನು ಪುಣೆಯಿಂದ ಮೊಬೈಲ್‌ನಲ್ಲೇ ಕಳಿಸಬಹುದು, ಅದಕ್ಕೆ ನನ್ನ ಸಲಹೆ ಬೇಕಿಲ್ಲ.