ಸ್ಪೇ (ಹೆಣ್ಣು ನಾಯಿಯ ಸಂತಾನಹರಣ ಶಸ್ತ್ರಚಿಕಿತ್ಸೆ) ಮಾಡಿದ ನಾಯಿಯ ಹೊಟ್ಟೆಗೆ ಕಂಟಿನ್ಯುಯಸ್ (ಒಂದೇ ದಾರದಲ್ಲಿ ಸಾಲಾಗಿ ಹಾಕುವ) ಹೊಲಿಗೆ ಸಾಕೇ, ಬಿಡಿ ಬಿಡಿಯಾಗಿ ಗಂಟು ಹಾಕಬೇಕೇ?

ಕಂಟಿನ್ಯುಯಸ್ ಸಾಕು. ‘ಒಂದು ಗಂಟು ಜಾರಿದರೆ ಇಡೀ ಹೊಟ್ಟೆ ಬಿಚ್ಚಿಕೊಳ್ಳುವುದಿಲ್ಲವೇ’ ಎಂದು ಕೇಳಿದ್ದೀರಿ. ಗಂಟು ಜಾರಿದರೆ ಹೌದು, ಹಾಗಾಗಿ ಜಾರದಂತೆ ಹಾಕಬೇಕು. ಉದ್ದಕ್ಕೂ ಎಳೆತ ಹಂಚಿಹೋಗುತ್ತದೆ, ಒಳಗೆ ಉಳಿಯುವ ಗಂಟು ಎರಡೇ. ಇದಕ್ಕೆ ಬಳಸುವ ಪಿಡಿಎಸ್, ದೇಹದಲ್ಲಿ ನಿಧಾನವಾಗಿ ಕರಗುವ ನುಣುಪು ದಾರ. ಶುರುವಿಗೆ ಐದು ಸುತ್ತು, ಲೂಪ್ ಸೇರಿಸಿ ಕಟ್ಟುವ ಕೊನೆಯ ಗಂಟಿಗೆ ಆರೇಳು ಸುತ್ತು ಹಾಕಿ. ಪ್ರತಿ ಸುತ್ತಿಗೂ ದಿಕ್ಕು ಬದಲಿಸಿ, ಎರಡೂ ತುದಿಯನ್ನು ಸಮನಾಗಿ ಎಳೆಯಿರಿ. ಒಂದೇ ತುದಿ ಜಗ್ಗಿದರೆ ಅದು ಗಂಟಲ್ಲ, ಜಾರುಕುಣಿಕೆ.

ಹೊಟ್ಟೆ ಬಿಚ್ಚಿತು ಎಂದಾಗ ನಾನು ಮೊದಲು ಅನುಮಾನಿಸುವುದು ಸೂಜಿ ಯಾವ ಪದರಕ್ಕೆ ಹೋಗಿತ್ತು ಎಂಬುದನ್ನೇ. ಭಾರ ಹೊರುವುದು ಲಿನಿಯಾ ಆಲ್ಬಾ (ಹೊಟ್ಟೆಯ ನಡುಗೆರೆಯ ಗಟ್ಟಿ ಬಿಳಿ ಪಟ್ಟಿ) ಮತ್ತು ಅದರ ಎರಡೂ ಬದಿಯ ರೆಕ್ಟಸ್ ಸ್ನಾಯುವಿನ ಹೊರಪದರ. ದಪ್ಪ ನಾಯಿಗಳಲ್ಲಿ ಚರ್ಮದಡಿಯ ಕೊಬ್ಬು ಇದರ ಮೇಲೆ ಕವುಚಿ ಕೂತಿರುತ್ತದೆ. ಅಂಚನ್ನು ಫೋರ್ಸೆಪ್ಸ್‌ನಲ್ಲಿ ಎತ್ತಿ, ಬೆಳ್ಳಗೆ ಹೊಳೆಯುವ ಗಟ್ಟಿ ಪದರ ಕಣ್ಣಿಗೆ ಬಿದ್ದ ಮೇಲೆಯೇ ಸೂಜಿ ಚುಚ್ಚಿ. ಕೊಬ್ಬಿಗೆ ಚುಚ್ಚಿದರೆ ಬೆಣ್ಣೆಗೆ ಚುಚ್ಚಿದಂತೆ ಸಲೀಸಾಗಿ ಹೋಗುತ್ತದೆ, ಅಷ್ಟೇ ಸಲೀಸಾಗಿ ಹರಿದೂ ಬರುತ್ತದೆ. ಕೊಯ್ತ ಪಕ್ಕಕ್ಕೆ ಸರಿದು ಸ್ನಾಯು ಕಂಡರೆ ಹೊರಪದರವನ್ನಷ್ಟೇ ಹಿಡಿಯಿರಿ. ಸ್ನಾಯು ಸೇರಿಸಿದರೆ ಬಲವೇನೂ ಹೆಚ್ಚದು. ಪೆರಿಟೋನಿಯಮ್ (ಹೊಟ್ಟೆಯ ಒಳಗೋಡೆಯ ತೆಳು ಪೊರೆ) ಹೊಲಿಯಬೇಕಿಲ್ಲ, ತಾನೇ ಕೂಡಿಕೊಳ್ಳುತ್ತದೆ. ಹೊಕ್ಕುಳಿಂದ ಮುಂದಕ್ಕೆ ಕೊಯ್ದಿದ್ದರೆ ಫಾಲ್ಸಿಫಾರ್ಮ್ ಕೊಬ್ಬು (ನಡುಗೆರೆಯ ಒಳಬದಿಯಲ್ಲಿ ಜೋತುಬಿದ್ದಿರುವ ಕೊಬ್ಬು) ಅಂಚುಗಳ ನಡುವೆ ಸಿಕ್ಕಿಕೊಳ್ಳದಂತೆ ನೋಡಿ. ಸಿಕ್ಕರೆ ಅಲ್ಲಿ ಅಂಟುವುದಿಲ್ಲ.

ಮಧ್ಯಮ ಗಾತ್ರದ ನಾಯಿಗೆ ಅಂಚಿನಿಂದ 5ರಿಂದ 10 ಮಿ.ಮೀ. ಒಳಗೆ, ಹೊಲಿಗೆಗಳ ನಡುವೆಯೂ ಅಷ್ಟೇ ಅಂತರ. 10ರಿಂದ 20 ಕಿಲೋ ತೂಕಕ್ಕೆ 2-0 ಅಳತೆಯ ದಾರ, ಅದಕ್ಕೂ ದೊಡ್ಡದಕ್ಕೆ ಇನ್ನೂ ದಪ್ಪನೆಯ 0 ದಾರ. ಅಂಚುಗಳು ತಾಗಿದರೆ ಸಾಕು. ಬಿಗಿದರೆ ರಕ್ತ ಓಡದೆ ಅಂಚು ಸತ್ತು, ಗಟ್ಟಿ ದಾರವೇ ಮೆತ್ತನೆಯ ಪದರವನ್ನು ಕೊಯ್ದುಬಿಡುತ್ತದೆ. ಒಳಗೆ ಉಳಿಯುವ ದಾರವನ್ನು ನೀಡಲ್ ಹೋಲ್ಡರ್‌ನಿಂದ ಕಚ್ಚಬೇಡಿ, ಜಜ್ಜಿದಲ್ಲೇ ತುಂಡಾಗುತ್ತದೆ. ಕ್ರೋಮಿಕ್ ಕ್ಯಾಟ್‌ಗಟ್ (ಪ್ರಾಣಿಯ ಕರುಳಿನಿಂದ ಮಾಡಿದ, ಬೇಗ ಕರಗುವ ದಾರ) ಅಗ್ಗ ನಿಜ, ಆದರೆ ಈ ಪದರಕ್ಕೆ ಬೇಡ: ಫೇಶಿಯಾ (ಆ ಗಟ್ಟಿ ಬಿಳಿ ಪದರ) ನಿಧಾನವಾಗಿ ಕೂಡುತ್ತದೆ, ಕ್ಯಾಟ್‌ಗಟ್ ಅಷ್ಟು ದಿನ ಕಾಯುವುದಿಲ್ಲ.

ಚರ್ಮದಡಿಗೆ 3-0 ಮೊನೊಕ್ರಿಲ್ (ಇದೂ ಕರಗುವ ದಾರ), ಚರ್ಮಕ್ಕೆ ನೈಲಾನ್. 10ರಿಂದ 14 ದಿನಕ್ಕೆ ಬಿಚ್ಚಿ, ಅಲ್ಲಿವರೆಗೆ ಗಾಯ ನೆಕ್ಕದಂತೆ ಕೊರಳಿಗೆ ಶಂಕುವಿನಾಕಾರದ ಕಾಲರ್ ಇರಲಿ. ಮೂರರಿಂದ ಐದನೇ ದಿನದೊಳಗೆ ಗಾಯದಿಂದ ತೆಳು ಗುಲಾಬಿ ನೀರು ಇಳಿದರೆ ಸೆರೋಮಾ (ಚರ್ಮದಡಿ ನೀರು ತುಂಬಿದ ಊತ) ಎಂದು ಕಳಿಸಿಬಿಡಬೇಡಿ. ಚರ್ಮದ ಹೊಲಿಗೆ ನೆಟ್ಟಗಿದ್ದರೂ ಒಳಗಿನದು ಬಿಟ್ಟಿರಬಹುದು. ಬೆರಳಿಟ್ಟು ಮೆಲ್ಲಗೆ ಒತ್ತಿ ನೋಡಿ, ಒಳಗೆ ತೂತು ಸಿಕ್ಕರೆ ಅಥವಾ ಉಬ್ಬು ಒಳಸರಿದರೆ ಅಂದೇ ಮತ್ತೆ ಟೇಬಲ್‌ಗೆ.