ಜಿಮ್ ರಯಾನ್ ಅವಧಿ: ಗ್ರಾಹಕರ ಲೆಕ್ಕವೇ ಬೇರೆ

2024ರ ಮಾರ್ಚಿನಲ್ಲಿ ಸೋನಿ ಕಂಪನಿಯ ಗೇಮ್ ವಿಭಾಗವಾದ ಪ್ಲೇಸ್ಟೇಷನ್‌ನ ಮುಖ್ಯಸ್ಥರ ಹುದ್ದೆಯಿಂದ ನಿವೃತ್ತರಾದ ಜಿಮ್ ರಯಾನ್ ಅವರನ್ನು ಗ್ರಾಹಕರಾಗಿ ಹೇಗೆ ಅಳೆಯೋದು, ಅದರ ಗೇಮ್ ಆಡುವ ಯಂತ್ರ (ಕನ್ಸೋಲ್) ಪಿಎಸ್5ರ ಮಾರಾಟ ನೋಡಿದರೆ ಸಾಲದೇ ಅಂತ ಕೇಳಿದ್ದೀರಿ. ಸಾಲದು. ಮಾರಾಟದ ಅಂಕಿ ಷೇರುದಾರರಿಗೆ ಇರಲಿ. ಕೊಟ್ಟ ದುಡ್ಡಿಗೆ ನಮಗೇನು ಸಿಕ್ಕಿತು ಅನ್ನೋದನ್ನು ನೋಡಿ.

ಅಮೆರಿಕ, ಜಪಾನ್‌ಗೆ 2020ರ ನವೆಂಬರ್‌ನಲ್ಲೇ ಬಂದ ಪಿಎಸ್5 ನಮ್ಮ ಬೆಂಗಳೂರಿಗೆ ಬಂದದ್ದು 2021ರ ಫೆಬ್ರವರಿಯಲ್ಲಿ, 49,990 ರೂಪಾಯಿಗೆ. ಮರುವರ್ಷ ಅದೇ ಯಂತ್ರ 54,990. ಕನ್ಸೋಲ್ ಹಳತಾದಂತೆ ಅಗ್ಗವಾಗೋದು ವಾಡಿಕೆ, ಇಲ್ಲಿ ಉಲ್ಟಾ ಆಯ್ತು. ಕಂಪನಿಯ ಸ್ವಂತ ದೊಡ್ಡ ಗೇಮ್‌ಗಳು 4,999 ಮುಟ್ಟಿದವು. ನ್ಯಾಷನಲ್ ಮಾರ್ಕೆಟ್‌ನಲ್ಲಿ ಸೆಕೆಂಡ್‌ಹ್ಯಾಂಡ್ ಡಿಸ್ಕ್‌ಗೆ ಚೌಕಾಸಿ ಮಾಡೋ ಕಾಲೇಜು ಹುಡುಗರನ್ನು ಕೇಳಿ, ಇದರ ಬಿಸಿ ಎಷ್ಟೂಂತ ಹೇಳ್ತಾರೆ.

ನನಗೆ ನಿಜಕ್ಕೂ ನೋವಾದದ್ದು 2021ರಲ್ಲಿ ಹಳೆಯ ಕನ್ಸೋಲ್ ಪಿಎಸ್3 ಮತ್ತು ಕೈಯಲ್ಲಿ ಹಿಡಿದು ಆಡುವ ಯಂತ್ರ ವೀಟಾದ ಆನ್‌ಲೈನ್ ಅಂಗಡಿಗಳನ್ನೇ ಮುಚ್ಚುತ್ತೇವೆ ಅಂದಾಗ. ಡಿಸ್ಕ್‌ನಲ್ಲಿ ಬರದ ಎಷ್ಟೋ ಗೇಮ್‌ಗಳು ಅಲ್ಲಿಗೇ ಕೈತಪ್ಪುತ್ತಿದ್ದವು. ಜನ ಸಿಟ್ಟಾದ ಮೇಲೆ ಏಪ್ರಿಲ್‌ನಲ್ಲಿ ರಯಾನ್ ಅವರೇ ತಪ್ಪು ನಿರ್ಧಾರ ಅಂತ ಒಪ್ಪಿ ಹಿಂದೆಗೆದುಕೊಂಡರು. ಅದನ್ನು ಮನಸಾರೆ ಮೆಚ್ಚುತ್ತೇನೆ. ಹೊರೈಜನ್, ಗಾಡ್ ಆಫ್ ವಾರ್ ಪಿಸಿಗೆ ಬಂದದ್ದೂ ಅವರ ಕಾಲದಲ್ಲೇ. ಕನ್ಸೋಲ್ ಕೊಳ್ಳಲಾಗದ ನಮ್ಮೂರಿನ ಎಷ್ಟೋ ಜನ ಆ ಗೇಮ್‌ಗಳನ್ನು ಆಡಿದ್ದು ಹಾಗೆಯೇ.